ಅಮ್ಮನ ಹಾಸು, ಬುಡನ್ ಸಾಬನ ದಾರಿ

ನೇಕಾರರ ಕೊಂಡಪ್ಪ ತೀರಿಕೊಂಡ. ಎಪ್ಪತ್ತೇಳನೇ ಇಸವಿಯ ಮಹಾನವಮಿಗೆ ಮುಂಚಿನ ಮಂಗಳವಾರ ಬೆಳಿಗ್ಗೆ, ದೊಡ್ಡಬಳ್ಳಾಪುರದ ತನ್ನ ಬೀದಿಯಲ್ಲಿ, ತನ್ನ ಮನೆಯ ಜಗಲಿಯ ಎದುರಿಗೇ. ಎದೆ ನಿಂತಿತು ಎಂದು ಡಾಕ್ಟರು ಹೇಳಿದರು. ವಯಸ್ಸು ಅರವತ್ತು ದಾಟಿತ್ತು.

ಸುದ್ದಿ ಇಷ್ಟೇ. ಅದನ್ನು ಇನ್ನೂ ಉದ್ದ ಎಳೆದು ಹೇಳಿದ್ದರೆ ಅವನಿಗೇ ಹಿಡಿಸುತ್ತಿರಲಿಲ್ಲ. ಸಾವಿನ ಮನೆಗೆ ಹೋದರೆ ಅವನು ಸತ್ತವರು ಮಾಡಿದ ಯಾವುದಾದರೊಂದು ತಮಾಷೆಯನ್ನು ನೆನಪಿಸಿ, ಕೂತವರನ್ನೆಲ್ಲ ನಗಿಸಿ, ಆಮೇಲೆ ಹಿತ್ತಲಿಗೆ ಹೋಗಿ ಒಬ್ಬನೇ ಅತ್ತು ಬರುತ್ತಿದ್ದ. ಅವನ ವಿಷಯವನ್ನೂ ಅದೇ ಕ್ರಮದಲ್ಲಿ ಹೇಳುವುದು ಸರಿ.

ಕೊಂಡಪ್ಪನ ಮನೆಯಲ್ಲಿ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಒಂದು ಗುಂಡಿಮಗ್ಗ, ಅದರಲ್ಲಿ ರೇಷ್ಮೆ ಸೀರೆ. ಸೀರೆ ನೇಯುವ ಮೊದಲು ಅದರ ಉದ್ದದ ಎಳೆಗಳನ್ನು, ಅಂದರೆ ಹಾಸನ್ನು, ಬೆಳಗಿನ ಜಾವ ಬೀದಿಯುದ್ದಕ್ಕೂ ಕವೆಗೋಲುಗಳ ಮೇಲೆ ಸೊಂಟದ ಎತ್ತರಕ್ಕೆ ಚಾಚಿ ಕಟ್ಟಬೇಕು. ಅಕ್ಕಿಗಂಜಿ ಹಚ್ಚಿ, ಕುಂಚದಿಂದ ಬಾಚಿ, ಒಣಗಿಸಬೇಕು. ಎಳೆ ಎಳೆಗೆ ಅಂಟದಂತೆ ನಡುನಡುವೆ ಬಿದಿರ ಕಡ್ಡಿಗಳನ್ನು ಅಡ್ಡ ತೂರಿಸಿರುತ್ತಾರೆ. ಹಸಿಯಾಗಿದ್ದಾಗ ಸುತ್ತಿದರೆ ಹಾಸು ಕೆಟ್ಟಿತು. ಒಂದೇ ಕಡೆ ಮೇಲೆತ್ತಿದರೂ ಕೆಟ್ಟಿತು, ಎಳೆಗಳು ಪಟಪಟನೆ ಹರಿಯುತ್ತವೆ. ಎತ್ತಲೇಬೇಕೆಂದರೆ ಈ ತುದಿಯಿಂದ ಆ ತುದಿಯವರೆಗೆ ಎಲ್ಲ ಕಡ್ಡಿಗಳೂ ಒಟ್ಟಿಗೇ ಏಳಬೇಕು, ಅದಕ್ಕೆ ಬೀದಿಯ ಅಷ್ಟೂ ಜನ ಬೇಕು. ಹಾಗಾಗಿ ಯಾರೂ ಎತ್ತುತ್ತಿರಲಿಲ್ಲ. ದಾಟುವವರು ಬಗ್ಗಿ ದಾಟುತ್ತಿದ್ದರು. ಬಗ್ಗಲಾಗದವರು ಒಣಗುವವರೆಗೆ ಕಾಯುತ್ತಿದ್ದರು.

ಬಗ್ಗಲಾಗದವರಲ್ಲಿ ಮುಖ್ಯನಾದವನು ಜಟಕಾ ಬುಡನ್ ಸಾಬ. ಸರಿಯಾಗಿ ಹೇಳಬೇಕೆಂದರೆ ಅವನ ಕುದುರೆ. ಅವನಿದ್ದ ಓಣಿ ಈ ಬೀದಿಯ ಒಂದು ಮಗ್ಗುಲಿಗೆ ಬಂದು ಸೇರುತ್ತಿತ್ತು. ರೈಲ್ವೆ ಸ್ಟೇಷನ್ನಿನ ರಸ್ತೆ ಎದುರು ಮಗ್ಗುಲಿನಿಂದ ಹೊರಡುತ್ತಿತ್ತು. ಇವೆರಡರ ನಡುವೆ, ಹಸಿ ಗಂಜಿ ಮೆತ್ತಿಕೊಂಡು, ಕೊಂಡಪ್ಪನ ಹಾಸು.

"ಏಯ್ ಕೊಂಡಪ್ಪಾ, ಎತ್ತಯ್ಯ ನಿನ್ನ ತೋರಣಾನ! ಬೆಂಗಳೂರು ರೈಲು ಹೋಗ್ಬಿಡ್ತದೆ."

"ಹೋಗ್ಲಿ ಬಿಡು. ನಿನ್ನ ಗಾಡಿ ಹತ್ತಿ ಇಲ್ಲಿತನಕ ಯಾರು ರೈಲು ಹಿಡಿದವ್ರೆ?"

"ನನ್ನ ಬಿಜಲಿ ಓಡಿದ್ರೆ ರೈಲೇ ಹಿಂದೆ ಬೀಳ್ತದೆ, ತಿಳ್ಕೋ."

"ಬಿಜಲಿ ಅಂತ ಹೆಸರಿಟ್ಟೋನು ನೀನು. ಆ ಸಮಾಚಾರ ಅದಕ್ಕೆ ಗೊತ್ತಾ?"

ಬಿಜಲಿಗೆ ಗೊತ್ತಿದ್ದದ್ದು ಗಂಜಿ ಪಾತ್ರೆ ಎಲ್ಲಿದೆ ಎಂಬುದು ಮಾತ್ರ. ಇವರಿಬ್ಬರೂ ಬೈದಾಡುವ ಹೊತ್ತಿನಲ್ಲಿ ಅದು ಕತ್ತು ಚಾಚಿ ಲೊಚಲೊಚ ನೆಕ್ಕುತ್ತಿತ್ತು.

"ನೋಡ್ಕೊಳಯ್ಯ ನಿನ್ನ ಕತ್ತೇನ! ಪಾತ್ರೆ ಎಲ್ಲ ಬಳಿದುಬಿಡ್ತು."

"ಕತ್ತೆ ಅಲ್ಲ, ಕುದುರೆ. ಇನ್ನೊಂದು ಸಲ ಕತ್ತೆ ಅಂದ್ರೆ ಒದ್ದು ತೋರಿಸ್ತದೆ."

ಗಾಡಿಯಲ್ಲಿ ಕೂತ ಗಿರಾಕಿಗಳು ಮೊದಮೊದಲು ಗಾಬರಿಯಾಗುತ್ತಿದ್ದರು. ಬರಬರುತ್ತಾ ಅವರೂ ಕಾಲು ಇಳಿಬಿಟ್ಟು ಕೂತು ಕೇಳತೊಡಗಿದರು. ಕೊನೆಗೆ ಬುಡನ್ ಸಾಬ ಚಾವಟಿ ಎತ್ತಿ ಹೇಳುವ ಮಾತು ಯಾವಾಗಲೂ ಒಂದೇ: "ನೋಡ್ತಿರು. ಒಂದಿನ ನಿನ್ನ ಕೈಯಲ್ಲೇ ಈ ಹಾಸು ಎತ್ತಿಸ್ಕೊಂಡು ಕೆಳಗಡೆ ರಾಜನಂಗೆ ಹೋಗ್ತೀನಿ."

"ಹೋಗೋವಂತೆ, ನಿನ್ನ ಕುದುರೆ ರೈಲು ಹಿಡಿದ ದಿವ್ಸ."

ಒಬ್ಬರ ದೇವರ ಬಗ್ಗೆ ಇನ್ನೊಬ್ಬರಿಗೆ ಅಂಥ ತಿಳಿವಳಿಕೆಯೇನೂ ಇರಲಿಲ್ಲ. ಕೊಂಡಪ್ಪ ಮಡಿಯ ಮನುಷ್ಯ. ಬುಡನ್ ಸಾಬ ನೀರು ಕೇಳಿದರೆ ಜಗಲಿಯ ಮೂಲೆಯಲ್ಲಿದ್ದ ಬೇರೆ ಚೊಂಬು ತೋರಿಸುತ್ತಿದ್ದ. ಬುಡನ್ ಸಾಬ ಅದರಲ್ಲೇ ಕುಡಿದು, ಮೀಸೆ ಒರೆಸಿಕೊಂಡು, ಒಂದು ಸಲ ಕೇಳಿದ:

"ಅಲ್ಲ ಕೊಂಡಪ್ಪ, ನಿಮ್ಮ ಚೌಡಮ್ಮ ಅಷ್ಟು ದೊಡ್ಡೋಳು. ಕುದುರೆ ನೆರಳು ಬಿದ್ರೆ ಮೈಲಿಗೆ ಆಗ್ಬಿಡ್ತಾಳಾ?"

"ನಮ್ಮಮ್ಮನ ಗೊಡವೆ ನಿಂಗ್ಯಾಕೆ? ನಿಮ್ಮ ದೇವರಿಗೆ ಒಂದು ಸೀರೆ ಉಡ್ಸೋ ಯೋಗ ಐತಾ ನಿಂಗೆ?"

"ನಮ್ಮೋನಿಗೆ ಆಕಾಶಾನೇ ಸಾಲಲ್ಲ ಕಣಯ್ಯ. ನಿನ್ನ ಆರು ಗಜ ಎಲ್ಲಿಗೆ ಮುಟ್ಟೀತು?"

ಕುಂಚ ಕೈಯಲ್ಲಿ ಹಿಡಿದು ನಿಂತಿದ್ದ ಕೊಂಡಪ್ಪ ನಕ್ಕುಬಿಟ್ಟ. ಆ ಮಾತನ್ನು ಅವನು ಎಷ್ಟೋ ವರ್ಷ ಕಂಡಕಂಡವರಿಗೆ ಹೇಳಿ, "ಹೆಂಗೆ ಹೇಳ್ದ ನೋಡು ಕಳ್ಳ" ಎಂದು ಮೆಚ್ಚಿಕೊಳ್ಳುತ್ತಿದ್ದ. ರಂಜಾನ್ ತಿಂಗಳಲ್ಲಿ ಇನ್ನೊಂದು ಕ್ರಮ ಇತ್ತು. ಉಪವಾಸದ ಬುಡನ್ ಸಾಬ ಗಾಡಿಯಲ್ಲಿ ಕಾಯುತ್ತಾ ಕೂತಿರುವಾಗ ಕೊಂಡಪ್ಪ ಎಲೆಅಡಿಕೆ ಹಾಕುತ್ತಿರಲಿಲ್ಲ. ಹೆಂಡತಿ ವರಲಕ್ಷ್ಮಮ್ಮ ಕಾಫಿ ತಂದರೆ ಕಣ್ಣಲ್ಲೇ ಒಳಗೆ ಕಳಿಸುತ್ತಿದ್ದ. ಅದನ್ನು ಯಾರೂ ಗಮನಿಸಿಲ್ಲ ಎಂದು ಅವನ ಎಣಿಕೆ.

ಈಗ ಅಮ್ಮನ ಹಾಸಿನ ವಿಚಾರ. ವಿಜಯದಶಮಿಯ ದಿನ ಬೀದಿಯ ಚೌಡೇಶ್ವರಿ ಅಮ್ಮನಿಗೆ ಉಡಿಸುವ ಸೀರೆ ಕೊಂಡಪ್ಪನ ಮನೆಯ ಮಗ್ಗದಿಂದಲೇ ಹೋಗಬೇಕು. ಅವನ ತಾತನ ಕಾಲದಿಂದ ಬಂದ ಮರ್ಯಾದೆ ಅದು. ಕೊಂಡಪ್ಪನಿಗೆ ಜಮೀನಿರಲಿಲ್ಲ, ಮಕ್ಕಳಿರಲಿಲ್ಲ. ಮಾಳಿಗೆ ಮನೆಯೂ ಇರಲಿಲ್ಲ. ಆದರೆ ದಶಮಿಯ ದಿನ ಮಂಗಳಾರತಿಯ ಬೆಳಕು ಆ ಸೀರೆಯ ಸೆರಗಿನ ಮೇಲೆ ಬಿದ್ದಾಗ ಇಡೀ ಬೀದಿ ತಿರುಗಿ ಅವನನ್ನು ನೋಡುತ್ತಿತ್ತು. ವರ್ಷಕ್ಕೆ ಆ ಒಂದು ನೋಟ ಅವನಿಗೆ ಸಾಕಾಗಿತ್ತು. ಅಮ್ಮನ ಹಾಸು ಕಟ್ಟುವ ದಿನ ಅವನು ಉಪವಾಸ, ಒದ್ದೆ ಪಂಚೆ, ಹೊರಗಿನವರೊಂದಿಗೆ ಮಾತಿಲ್ಲ. ಆ ಹಾಸಿಗೆ ಸೂತಕ ತಟ್ಟಬಾರದು, ಹೆಣದ ನೆರಳು ಸೋಕಬಾರದು. ಸೋಕಿದರೆ ಮರ್ಯಾದೆ ಮುಂದಿನ ಮನೆಗೆ, ಅಂದರೆ ಪಕ್ಕದ ಗೋಪಾಲಪ್ಪನಿಗೆ ಹೋಗುತ್ತದೆ. ಹಾಗೆಂದು ತೀರ್ಪು ಕೊಡುವವರು ಬೀದಿಯ ಯಜಮಾನರಾದ ಆದಿನಾರಾಯಣಪ್ಪ. ಅವರಿಗೆ ಕೋಪ ಜಾಸ್ತಿ, ಶಾಸ್ತ್ರ ಅದಕ್ಕಿಂತ ಜಾಸ್ತಿ.

ವಿಚಿತ್ರವೆಂದರೆ ಆ ಒಂದು ದಿನ ಬುಡನ್ ಸಾಬನ ಗಾಡಿ ಆ ಕಡೆ ಬರುತ್ತಲೇ ಇರಲಿಲ್ಲ. ಇವತ್ತು ಗಿರಾಕಿ ಗಿಟ್ಟಿಲ್ಲ ಎಂದುಕೊಂಡು ಕೊಂಡಪ್ಪ ತನ್ನ ಪಾಡಿಗೆ ಕುಂಚ ಎಳೆಯುತ್ತಿದ್ದ.

ಅರವತ್ತಾರನೇ ಇಸವಿ. ಹಿಂದಿನ ದಿನವೆಲ್ಲ ಮಳೆ ಸುರಿದು ಕೆರೆ ಕೋಡಿ ಬಿದ್ದಿತ್ತು. ಅಮ್ಮನ ಹಾಸಿಗೆ ಗೊತ್ತುಪಡಿಸಿದ ದಿನ ಬೆಳಿಗ್ಗೆ ಆಕಾಶ ತೆರವಾಯಿತೆಂದು ಕೊಂಡಪ್ಪ ಹಾಸು ಕಟ್ಟಿ ಗಂಜಿ ಹಚ್ಚಿಬಿಟ್ಟ. ಅಷ್ಟರಲ್ಲಿ ಮತ್ತೆ ಮೋಡ ಕವಿದು ಒಣಗುವ ಲಕ್ಷಣವೇ ಕಾಣಲಿಲ್ಲ. ಅವನು ಮೋಡವನ್ನು ಮನಸ್ಸಿನಲ್ಲೇ ಬೈಯುತ್ತಾ ನಿಂತಿದ್ದಾಗ ಓಣಿಯ ಕಡೆಯಿಂದ ಜನ ಬಂದರು. ಬಿಳಿ ಟೋಪಿ, ತಗ್ಗಿದ ದನಿಯಲ್ಲಿ ಪ್ರಾರ್ಥನೆ, ಹೆಗಲ ಮೇಲೆ ಹೂವಿನ ಹೊದಿಕೆಯ ಚಟ್ಟ. ಹಾಸಿನ ಹತ್ತಿರ ಬಂದು ಎಲ್ಲರೂ ನಿಂತರು.

ಮುಂದೆ ಇದ್ದವನು ಮಸ್ತಾನ್ ಸಾಬ, ಬುಡನ್ ಸಾಬನ ಅಣ್ಣ. ಅವನ ಮುಖ ನೋಡಿದ ಮೇಲೆ ಕೊಂಡಪ್ಪ ಕೇಳಬೇಕಾದದ್ದು ಏನೂ ಇರಲಿಲ್ಲ. ಆದರೂ ಮಾತಿಲ್ಲದ ನೇಮ ಮರೆತು ಕೇಳಿದ:

"ಯಾರು?"

"ಬುಡನ್. ರಾತ್ರಿ ಮಲಗ್ದೋನು ಏಳ್ಲಿಲ್ಲ."

ಕೊಂಡಪ್ಪ ಕುಂಚ ಹಿಡಿದೇ ಇದ್ದ. ಅದರಿಂದ ಗಂಜಿ ಅವನ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು.

"ಅಮ್ಮನ ಹಾಸು ಅಂತ ನಮಗೆ ಗೊತ್ತು," ಮಸ್ತಾನ್ ಸಾಬ ಹೇಳಿದ. "ಅದಕ್ಕೇ ಈ ದಿವ್ಸ ಅವನು ಯಾವಾಗ್ಲೂ ಗಾಡಿ ಕೆರೆ ಏರಿ ಮೇಲೆ ಸುತ್ತಿಸ್ಕೊಂಡು ಹೋಗ್ತಿದ್ದ. ಇವನನ್ನೂ ಹಂಗೇ ಕರ್ಕೊಂಡು ಹೋಗ್ಬೇಕು ಅಂತ ಹೊರಟ್ವಿ. ಏರಿ ಮೇಲೆ ಮೊಣಕಾಲುದ್ದ ಕೆಸರು, ವಾಪಸ್ ಬಂದ್ವಿ. ನೀನು ಗಾಬರಿ ಆಗ್ಬೇಡ ಕೊಂಡಪ್ಪ. ಒಣಗೋವರೆಗೂ ನಿಂತಿರ್ತೀವಿ. ಹೆಗಲು ಬದಲಾಯಿಸ್ಕೊಂಡ್ರಾಯ್ತು."

ಕೊಂಡಪ್ಪ ಚಟ್ಟದ ಕಡೆ ನೋಡಿದ. ಹಾಸಿನ ಕಡೆ ನೋಡಿದ. ಗೋಪಾಲಪ್ಪ ತನ್ನ ಜಗಲಿಯ ಮೇಲೆ ಕತ್ತು ಉದ್ದ ಮಾಡಿಕೊಂಡು ನಿಂತಿದ್ದನ್ನೂ ನೋಡಿದ.

"ಕೆರೆ ಏರಿ ಮೇಲಾ?" ಎಂದ. "ಪ್ರತೀ ವರ್ಷಾನಾ?"

"ಪ್ರತೀ ವರ್ಷ."

"ನನ್ಮಗ ಒಂದು ಮಾತು ಹೇಳ್ಲಿಲ್ಲ. ಗಿರಾಕಿ ಇಲ್ಲ ಅಂದ್ಕೊಂಡಿದ್ದೆ." ಕೊಂಡಪ್ಪ ಕುಂಚವನ್ನು ಪಾತ್ರೆಗೆ ಹಾಕಿದ. "ಬದುಕಿದ್ದಾಗ ದಿನಾ ಕಾಯಿಸಿದೀನಿ ಕಣೋ ಮಸ್ತಾನ್. ಇವತ್ತೂ ಕಾಯಿಸೋಕೆ ನನ್ ಕೈಲಾಗಲ್ಲ." ಮತ್ತೆ ಬೀದಿಗೆಲ್ಲ ಕೇಳುವಂತೆ ಕೂಗಿದ: "ಬರ್ರಲಾ ಎಲ್ಲಾರೂ! ಒಂದೊಂದು ಕಡ್ಡಿ ಹಿಡೀರಿ! ಹಾಸು ಎತ್ತಬೇಕು!"

ಬೀದಿಯವರಿಗೆ ಯೋಚಿಸಲು ಪುರಸೊತ್ತು ಸಿಗಲಿಲ್ಲ. ಹಾಸು ಎತ್ತಬೇಕು ಎಂದು ಕೂಗಿದರೆ ನೇಕಾರ ಮೊದಲು ಬಂದು ಹಿಡಿಯುತ್ತಾನೆ, ಯಾಕೆಂದು ಆಮೇಲೆ ಕೇಳುತ್ತಾನೆ. ಮಗ್ಗದ ಗುಂಡಿಗಳಿಂದ ಎದ್ದು ಬಂದರು, ಎಲ್ಲರಿಗಿಂತ ಮೊದಲು ಎದುರು ಮನೆಯ ಗಂಗಣ್ಣ. ಆದರೂ ಜನ ಸಾಲದೆ ಟೋಪಿಯವರೂ ಕೈ ಹಾಕಿದರು.

"ಕಡ್ಡಿ ಹಿಡೀರಿ ಸಾಬ್ರೆ, ಎಳೆ ಮುಟ್ಬೇಡಿ! ಲೇ ಗಂಗಣ್ಣ, ಅವರಿಗೆ ತೋರ್ಸೋ! ಹೂಂ, ಒಟ್ಟಿಗೆ... ಏಳ್ಲಿ!"

ಇಡೀ ಹಾಸು, ಬೀದಿಯ ಉದ್ದಕ್ಕೂ, ಕೆಂಪು ರೇಷ್ಮೆ, ಕವೆಗೋಲು ಬಿಟ್ಟು ತಲೆಯ ಮೇಲಕ್ಕೆ ಹೋಯಿತು. ಚಟ್ಟ ಹೊತ್ತವರು ಅದನ್ನು ಹೆಗಲಿಂದ ಕೈಗಿಳಿಸಿಕೊಂಡು, ಬೆನ್ನು ಬಗ್ಗಿಸಿ, ನಿಧಾನಕ್ಕೆ ಕೆಳಗೆ ಬಂದರು.

ಆಗಲೇ ಆದಿನಾರಾಯಣಪ್ಪನವರು ಗದ್ದಲ ಕೇಳಿ ಹೊರಗೆ ಬಂದದ್ದು. ಕಣ್ಣಿಗೆ ಬಿದ್ದದ್ದು ಹಾಸು, ಅದರ ಕೆಳಗೆ ಹೆಣ. "ಲೋ ಕೊಂಡಪ್ಪಾ, ನಿನ್ನ ಮನೆ..." ಎಂದು ಬಾಯಿ ತೆಗೆದರು. ಮನೆ ಏನಾಗಬೇಕೆಂದು ಹೇಳುವ ಮೊದಲು ಅವರ ಎದುರಿನಲ್ಲೇ ಒಬ್ಬ ಮುದುಕ ಸಾಬರ ಕಾಲು ಕೆಸರಲ್ಲಿ ಜಾರಿತು. ಕಡ್ಡಿ ಕೆಳಗಾಯಿತು, ಹಾಸು ಹೊಟ್ಟೆ ಬಿಟ್ಟು ಜೋತಿತು. ಜೋತ ಹಾಸನ್ನು ನೋಡಿ ಸುಮ್ಮನಿರುವುದು ಹುಟ್ಟು ನೇಕಾರನಿಗೆ ಸಾಧ್ಯವಿಲ್ಲ. ಯಜಮಾನರು ಒಂದು ನೆಗೆತ ನೆಗೆದು, ಎರಡೂ ಮುಂಗೈ ಚಾಚಿ, ಅದನ್ನು ಮೇಲೆತ್ತಿಬಿಟ್ಟರು. ಕೆಳಗೆ ಬುಡನ್ ಸಾಬ ದಾಟಿದ. ಯಜಮಾನರು ತೆರೆದ ಬಾಯಿಯನ್ನು ಮುಚ್ಚಿರಲಿಲ್ಲ, ಎತ್ತಿದ ಕೈಯನ್ನು ಇಳಿಸಿರಲಿಲ್ಲ.

ಹಾಸು ಹೇಗೆ ಎದ್ದಿತ್ತೋ ಹಾಗೇ ಇಳಿಯಿತು. ಕೊಂಡಪ್ಪ ಮಾತ್ರ ಜನರ ಹಿಂದೆ ಸ್ಟೇಷನ್ ರಸ್ತೆಯವರೆಗೆ ಹೋಗಿ, ಒದ್ದೆ ಪಂಚೆಯಲ್ಲೇ ನಾಲ್ಕು ಹೆಜ್ಜೆ ಹೆಗಲು ಕೊಟ್ಟು ಬಂದ. ಬಂದವನು ವರಲಕ್ಷ್ಮಮ್ಮನಿಗೆ ಹೇಳಿದ: "ರಾಜನಂಗೇ ಹೋದ ಕಣೆ. ಹೇಳಿದಂಗೇ ಮಾಡ್ದ." ಆಮೇಲೆ ಹಿತ್ತಲಿಗೆ ಹೋದ.

ಸಂಜೆ ಗುಡಿಯ ಮುಂದೆ ಪಂಚಾಯಿತಿ. ಕೊಂಡಪ್ಪ ಸ್ನಾನ ಮಾಡಿ ಬಂದು ಕಂಬಕ್ಕೊರಗಿ ನಿಂತ. ಮರ್ಯಾದೆ ಹೋಯಿತೆಂದು ಅವನು ಆಗಲೇ ಮನಸ್ಸಿಗೆ ಹೇಳಿಕೊಂಡಿದ್ದ, ಮನಸ್ಸು ಕೇಳುತ್ತಿರಲಿಲ್ಲ. ಅತ್ತ ಯಜಮಾನರ ಪಾಡೂ ಚೆನ್ನಾಗಿರಲಿಲ್ಲ. ಅವರು ಬೆಳಗಿನಿಂದ ಮೈಮೇಲೆ ನೀರು ಸುರಿದುಕೊಂಡದ್ದೇ ಸುರಿದುಕೊಂಡದ್ದು. ಹೆಂಡತಿ ಗಂಗಲಕ್ಷ್ಮಮ್ಮ ಬಚ್ಚಲ ಬಾಗಿಲಲ್ಲಿ ನಿಂತು, "ಇನ್ನೊಂದು ಹಂಡೆ ಕಾಯಿಸ್ಲಾ? ಬೈಯೋಕೆ ಅಂತ ಹೋಗಿ ನೀವೇ ಹಿಡ್ಕೊಂಡು ನಿಂತಿದ್ರಂತಲ್ಲ!" ಎಂದು ಕೇಳುತ್ತಲೇ ಇದ್ದಳು.

"ಯಜಮಾನ್ರೆ," ಗೋಪಾಲಪ್ಪ ಶುರುಮಾಡಿದ, "ಅಮ್ಮನ ಹಾಸಿನ ಕೆಳಗೆ ಹೆಣ ಹೋಗಿದೆ. ಈ ವರ್ಷದ ಸೀರೆ..."

"ನಾನು ಹೊರಗೆ ಬಂದಿದ್ದೇ ಬೈಯೋಕೆ," ಆದಿನಾರಾಯಣಪ್ಪ ಹೇಳಿದರು. "ಅದು ಎಲ್ರಿಗೂ ಗೊತ್ತಿರಲಿ. ಹಾಸು ಇಳೀತು, ಕೈ ಹೋಯ್ತು. ನೇಯೋನ ಕೈ, ನಾನೇನು ಮಾಡ್ಲಿ? ಈಗ ಹಾಸು ಮೈಲಿಗೆ ಅಂದ್ರೆ ಈ ಕೈ ಮೊದ್ಲು ಮೈಲಿಗೆ ಅನ್ಬೇಕು. ಬೆಳಗಿಂದ ತಿರುಗಿಸಿ ತಿರುಗಿಸಿ ನೋಡ್ದೆ. ಇದಕ್ಕೇನೂ ಆದಂಗೆ ಕಾಣಲ್ಲ." ಎತ್ತಿ ತೋರಿಸಿದ ಕೈಯನ್ನು ಇಳಿಸಿ, "ನನ್ನ ಮಗಳನ್ನ ಬಾಣಂತನಕ್ಕೆ ಕರ್ಕೊಂಡು ಬಂದಿದ್ದು ಬುಡನ್ ಸಾಬನ ಗಾಡೀನೇ. ದಾರಿಯುದ್ದಕ್ಕೂ ಕುದುರೇನ ನಡೆಸ್ಕೊಂಡೇ ಬಂದ, ಒಂದು ಕಲ್ಲು ತಾಗಿಸ್ಲಿಲ್ಲ. ಇವತ್ತು ನನ್ನ ಕಣ್ಣ ಮುಂದೆ ಹೋಗ್ತಿದ್ದಾಗ, ಸರಿಯಾಗಿ ಹೋದ ಅನ್ನಿಸ್ತು," ಎಂದರು.

"ಆದ್ರೂ ಶಾಸ್ತ್ರ ಅಂತ ಒಂದೈತಲ್ಲ."

"ಐತೆ. ನಾಳೆ ಬೆಳಿಗ್ಗೆ ಹಾಸಿಗೆ ಅರಿಸಿನದ ನೀರು ಚಿಮುಕಿಸ್ತೀವಿ. ನೀನೂ ಬಾ ಗೋಪಾಲಪ್ಪ, ನಿಂಗೂ ಚಿಮುಕಿಸ್ತೀವಿ. ಆ ತುದೀಲಿ ನೀನೂ ಒಂದು ಕಡ್ಡಿ ಹಿಡ್ಕೊಂಡಿದ್ದೆಯಲ್ಲ, ನೋಡಿದೀನಿ."

ಗುಡಿಯ ಮುಂದೆ ಅಂಥ ನಗೆ ಅದಕ್ಕೆ ಮೊದಲು ಕೇಳಿರಲಿಲ್ಲ. ಗೋಪಾಲಪ್ಪನೂ ತಡೆಯಲಾರದೆ ನಕ್ಕ. ಕೊಂಡಪ್ಪ ಕಂಬ ಬಿಟ್ಟು ನೆಲಕ್ಕೆ ಕೂತುಬಿಟ್ಟ.

ಸೀರೆ ಹೊತ್ತಿಗೆ ಸರಿಯಾಗಿ ಮುಗಿಯಿತು. ದಶಮಿಯ ದಿನ ಅಮ್ಮನಿಗೆ ಉಡಿಸಲು ಮಡಿಕೆ ಬಿಚ್ಚಿದ ಪೂಜಾರಿ ಮೂಗರಳಿಸಿದ. ಚಟ್ಟಕ್ಕೆ ಚಿಮುಕಿಸಿದ್ದ ಗುಲಾಬಿ ಅತ್ತರು ಹಸಿ ಗಂಜಿಗೆ ಹಿಡಿದು ಎಳೆಯೊಳಗೇ ಉಳಿದುಕೊಂಡಿತ್ತು.

"ಭಲೇ ಕೊಂಡಪ್ಪ, ಘಮ್ಮಂತದೆ! ಯಾರ ಅಂಗಡಿ ಸೆಂಟು?"

"ಬುಡನ್ ಸಾಬಂದು," ಎಂದ ಕೊಂಡಪ್ಪ. ಆದಿನಾರಾಯಣಪ್ಪನವರು ಜೋರಾಗಿ ಗಂಟೆ ಬಾರಿಸತೊಡಗಿದರು.

ಮಾರನೇ ದಿನದಿಂದ ಜಗಲಿಯ ಮೂಲೆಯ ಬೇರೆ ಚೊಂಬು ಕಾಣಲಿಲ್ಲ.

ಆಮೇಲೆ ಬೀದಿಗೆ ಕರೆಂಟು ಮಗ್ಗಗಳು ಬಂದವು. ಒಂದು ಮನೆಯಲ್ಲಿ ಟಕಟಕ ಶುರುವಾದದ್ದು ನಾಲ್ಕು ಮನೆಗೆ ಹಬ್ಬಿ, ಮಾತಾಡಬೇಕೆಂದರೆ ಕಿರುಚಬೇಕಾದ ಕಾಲ ಬಂತು. ಕೊಂಡಪ್ಪನಿಗೇನೂ ತೊಂದರೆಯಾಗಲಿಲ್ಲ, ಅವನು ಮೊದಲಿನಿಂದಲೂ ಕಿರುಚುತ್ತಿದ್ದವನೇ. ಹಾಸು ಸುತ್ತುವ ಕೆಲಸ ಮನೆಯೊಳಗಿನ ದೊಡ್ಡ ಚಕ್ರಕ್ಕೆ ಹೋಯಿತು. ಬೀದಿಗೆ ಬರುತ್ತಿದ್ದದ್ದು ವರ್ಷಕ್ಕೊಂದೇ, ಅಮ್ಮನ ಹಾಸು.

ಜಟಕಾ ಈಗ ಬುಡನ್ ಸಾಬನ ಮಗ ಇಮಾಮನ ಕೈಯಲ್ಲಿತ್ತು. ಅಮ್ಮನ ಹಾಸಿನ ದಿನ ಅವನೂ ಅಪ್ಪನಂತೆಯೇ ಕೆರೆ ಏರಿಯ ಕಡೆ ತಿರುಗಿಸುತ್ತಿದ್ದ. ಕೊಂಡಪ್ಪ ಬಿಡುತ್ತಿರಲಿಲ್ಲ.

"ಎತ್ತ ಹೊರಟೆಯೋ? ನಿಮ್ಮಪ್ಪ ನನಗೆ ಮೋಸ ಮಾಡಿದ್ದು ಸಾಕು. ನೀನೂ ಶುರು ಮಾಡ್ಬೇಡ."

ಮನೆಗೊಬ್ಬರಂತೆ ಕರೆಂಟು ಮಗ್ಗ ನಿಲ್ಲಿಸಿ ಬರುತ್ತಿದ್ದರು. ಗಾಡಿಯ ಚಾವಣಿಗೆ ತಾಗದಂತೆ ಎತ್ತರದ ಕವೆಗೋಲು ಹಿಡಿದು ಕಡ್ಡಿಗಳನ್ನೆಲ್ಲ ಒಟ್ಟಿಗೇ ಎತ್ತುತ್ತಿದ್ದರು. ಗಾಡಿ ಕೆಳಗೆ ದಾಟುತ್ತಿತ್ತು. ಸ್ಟೇಷನ್ನಿಗೆ ಹೋಗುವ ಗಿರಾಕಿಗಳು ಯಾವ ಹಬ್ಬವಪ್ಪಾ ಇದು ಎಂದು ಎರಡೂ ಕಡೆ ನೋಡುತ್ತಿದ್ದರು.

ಕೊನೆಯ ವರ್ಷ ಕೊಂಡಪ್ಪನಿಗೆ ಎದೆನೋವು. ಡಾಕ್ಟರು ಮಲಗಿರಬೇಕು ಎಂದಿದ್ದರು. ಮಹಾನವಮಿಗೆ ಮುಂಚಿನ ಆ ಮಂಗಳವಾರ ಬೆಳಿಗ್ಗೆ ಕುಂಚ ಹಿಡಿದವನು ಗಂಗಣ್ಣ. ಕೊಂಡಪ್ಪ ಕಂಬಳಿ ಹೊದ್ದು ಜಗಲಿಯ ಮೇಲೆ ಕೂತು, ಬಾಚಿದ್ದು ಸರಿಯಿಲ್ಲ, ಗಂಜಿ ತೆಳ್ಳಗಾಯಿತು ಎಂದು ಒಂದೇ ಸಮ ತಪ್ಪು ಹುಡುಕುತ್ತಿದ್ದ. ಹಾಗೆ ಕೂತವನಿಗೆ ಓಣಿಯಲ್ಲಿ ಕುದುರೆಯ ಗೆಜ್ಜೆ ಕೇಳಿತು. ಗೆಜ್ಜೆ ಬೀದಿಯ ಕಡೆ ಬರದೆ ಕೆರೆಯ ಕಡೆ ತಿರುಗಿತು.

ಕೊಂಡಪ್ಪ ಕಂಬಳಿ ಬಿಸಾಕಿ ಎದ್ದ. ವರಲಕ್ಷ್ಮಮ್ಮ ಹಿಡಿಯುವಷ್ಟರಲ್ಲಿ ಬೀದಿಗಿಳಿದಿದ್ದ.

"ಲೋ ಇಮಾಮಾ! ನಿಲ್ಲೋ ಅಲ್ಲೇ!"

"ನಿಮಗೆ ಹುಷಾರಿಲ್ಲ ಅಂದ್ರಲ್ಲ ಕಾಕಾ," ಇಮಾಮ ಗಾಡಿಯಿಂದಲೇ ಕೂಗಿದ. "ಸುಮ್ನೆ ಯಾಕೆ ತೊಂದ್ರೆ ಅಂತ..."

"ಹುಷಾರಿಲ್ದಿರೋದು ನಂಗೆ, ಹಾಸಿಗಲ್ಲ. ಬಾ ಇತ್ಲಾಗೆ!"

ಮಗ್ಗಗಳು ಒಂದೊಂದಾಗಿ ನಿಂತವು. ಜನ ಬಂದು ಕಡ್ಡಿ ಕಡ್ಡಿಗೂ ನಿಂತರು. ನಡುವಿನ ಕಡ್ಡಿಗೆ ಗಂಗಣ್ಣ ಕೈ ಹಾಕಿದರೆ ಕೊಂಡಪ್ಪ ಅವನನ್ನು ಮೊಣಕೈಯಿಂದ ತಳ್ಳಿ, ಕವೆಗೋಲು ತಾನೇ ಹಿಡಿದು, "ಏಳ್ಲಿ!" ಎಂದ. ಹಾಸು ಎದ್ದಿತು. ಇಮಾಮ ಇಳಿದು ಕುದುರೆಯನ್ನು ಹಿಡಿದು ನಡೆಸಿಕೊಂಡು ಬಂದ. ಅರ್ಧ ದಾಟಿದ ಮೇಲೆ ಕುದುರೆ ನಿಂತು, ಕತ್ತು ಚಾಚಿ, ಗಂಜಿ ಪಾತ್ರೆಗೆ ಬಾಯಿ ಹಾಕಿತು.

"ಇದೂ ಕತ್ತೇನೇ," ಎಂದ ಕೊಂಡಪ್ಪ.

"ಕುದುರೆ ಕಾಕಾ," ಎಂದ ಇಮಾಮ.

ಗಾಡಿ ದಾಟಿ ಸ್ಟೇಷನ್ ರಸ್ತೆ ಹಿಡಿಯಿತು. ಹಾಸು ಕೆಳಗಿಳಿಯಿತು. ಜನ ಚದುರುತ್ತಿದ್ದಾಗ ಕೊಂಡಪ್ಪ ತನ್ನ ಕಡ್ಡಿಯ ಪಕ್ಕ ಒಂದು ಎಳೆ ಹರಿದದ್ದನ್ನು ಕಂಡು, ಹಾಸಿನ ಪಕ್ಕ ಮೊಣಕಾಲೂರಿ ಕೂತ. ಬೇರೆ ಸೀರೆಯಾಗಿದ್ದರೆ ಎಳೆಗೆ ನಾಲಿಗೆ ತಾಗಿಸಿ ಹೊಸೆಯುತ್ತಿದ್ದ. ಅಮ್ಮನ ಎಳೆಗೆ ಎಂಜಲು ಆಗದು. ಕುದುರೆ ಬಾಯಿ ಹಾಕಿದ್ದ ಪಾತ್ರೆಯ ಕಡೆ ಒಂದು ಸಲ ನೋಡಿ, ನಕ್ಕು, ಅದರಲ್ಲೇ ಬೆರಳದ್ದಿ, ಎರಡು ತುದಿಗಳನ್ನೂ ಸೇರಿಸಿ ಹೊಸೆದು, ಗಂಟು ಹಾಕಿ, ಮೆಲ್ಲಗೆ ಎಳೆದು ನೋಡಿದ.